ಮರಳಿನೊಳಗೆ ನೀರಿನ ದಾರಿ

ಮರಳಿನ ಮೇಲೆ ಸುರಿದ ನೀರು ಇಂಗುವುದನ್ನು ನೋಡದವರಿಲ್ಲ. ಇಂಗಿದ ಮೇಲೆ ಅದು ಯಾವ ಯಾವ ಸಂದಿಯಲ್ಲಿ ನುಸುಳಿತು, ಎಲ್ಲಿ ತಡೆದು ನಿಂತಿತು, ಯಾವ ಕಾಳನ್ನು ಬಳಸಿಕೊಂಡು ಮುಂದೆ ಹೋಯಿತು ಎಂಬುದನ್ನು ಕಣ್ಣಾರೆ ಕಂಡವರು ಮಾತ್ರ ಬಹುಕಾಲದವರೆಗೆ ಯಾರೂ ಇರಲಿಲ್ಲ. ಹೊಸ ಮಡಕೆಯ ಮೈ ಬೆವರುತ್ತದೆ. ಒಳಗಿನ ನೀರು ತಣ್ಣಗಾಗುತ್ತದೆ. ಕಾಫಿಯ ಫಿಲ್ಟರಿನಲ್ಲಿ ಪುಡಿ ತರಿಯಾಗಿದ್ದರೆ ಕಷಾಯ ಬೇಗ ಇಳಿಯುತ್ತದೆ, ನುಣ್ಣಗಿದ್ದರೆ ತೊಟ್ಟು ತೊಟ್ಟಾಗಿ ಇಳಿದು ನಮ್ಮ ತಾಳ್ಮೆಯನ್ನು ಪರೀಕ್ಷಿಸುತ್ತದೆ. ಇವೆಲ್ಲ ನಿತ್ಯದ ಅನುಭವಗಳೇ. ಆದರೆ ಅನುಭವಕ್ಕೂ ಅರಿವಿಗೂ ನಡುವೆ ಎಷ್ಟು ದೂರವಿದೆ ಎಂಬುದಕ್ಕೆ ಈ ಇಂಗುವ ನೀರಿನ ಚರಿತ್ರೆಗಿಂತ ಒಳ್ಳೆಯ ನಿದರ್ಶನ ನನಗೆ ಸಿಕ್ಕಿಲ್ಲ. ರಂಧ್ರಮಯವಾದ ವಸ್ತುವಿನಲ್ಲಿ ದ್ರವ ಹೇಗೆ ಹರಿಯುತ್ತದೆ ಎಂಬ ಪ್ರಶ್ನೆಯನ್ನು ಫ್ರಾನ್ಸಿನ ಒಬ್ಬ ಎಂಜಿನಿಯರು ಮರಳಿನ ಕೊಳವೆಯಿಂದ ಕೇಳಿದ. ಅದಾಗಿ ನೂರ ಮೂವತ್ತು ವರ್ಷಗಳ ಮೇಲೆ ಗಣಕಯಂತ್ರಗಳು ಕಲ್ಪಿತ ಕಣಗಳನ್ನು ಓಡಾಡಿಸಿ ಅದಕ್ಕೆ ಉತ್ತರ ಹೇಳತೊಡಗಿದುವು. ನಡುವಣ ದಾರಿಯಲ್ಲಿ ಒಂದು ಹೆಜ್ಜೆಗುರುತು ಬೆಂಗಳೂರಿನ ಮೂಲಕವೂ ಹಾದುಹೋಗಿದೆ.

ಕನ್ನಡದ ಮೇಷ್ಟರೊಬ್ಬರಿಗೆ ಈ ವಿಷಯದಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ನಿವೃತ್ತನಾದ ಮೇಲೆ ವಿಜ್ಞಾನದ ಚರಿತ್ರೆಯನ್ನು ಓದುವ ಹವ್ಯಾಸ ನನಗೆ ಹತ್ತಿತು. ಸೂತ್ರಗಳ ಹಿಂದಿರುವ ಮನುಷ್ಯರೇ ನನಗೆ ಮುಖ್ಯ. ವಿಜ್ಞಾನದಲ್ಲಿ ಸೂತ್ರ ಉಳಿಯುತ್ತದೆ, ಸೂತ್ರಕಾರ ಅಳಿಸಿಹೋಗುತ್ತಾನೆ. ಸಾಹಿತ್ಯದಲ್ಲಿ ಅನೇಕ ವೇಳೆ ಇದಕ್ಕೆ ತಿರುಗುಮುರುಗು. ಕವಿಯ ಹೆಸರು ಉಳಿದು ಕಾವ್ಯವನ್ನು ಓದುವವರೇ ಇಲ್ಲದಂತಾಗುತ್ತದೆ. ಎರಡೂ ನಷ್ಟಗಳೇ.

ಮೊದಲು ಆ ಎಂಜಿನಿಯರಿನ ಮಾತು. ಆತನ ಹೆಸರು ಹೆನ್ರಿ ಡಾರ್ಸಿ. ಹುಟ್ಟಿದ್ದು 1803ರಲ್ಲಿ, ಫ್ರಾನ್ಸಿನ ದಿಜೋನ್ ಪಟ್ಟಣದಲ್ಲಿ. ಆ ಕಾಲಕ್ಕೆ ದಿಜೋನಿನ ಕುಡಿಯುವ ನೀರು ಬಹು ಕೆಟ್ಟದ್ದೆಂದು ಹೆಸರಾಗಿತ್ತು. ಡಾರ್ಸಿ ಪಟ್ಟಣದಿಂದ ಸುಮಾರು 12 ಕಿಲೋಮೀಟರ್ ದೂರದ ರೊಸ್ವಾರ್ ಎಂಬ ಬುಗ್ಗೆಯಿಂದ ಮುಚ್ಚುಗಾಲುವೆಯೊಂದನ್ನು ಕಟ್ಟಿಸಿ, 1840ರಲ್ಲಿ ಊರಿಗೆ ತಿಳಿನೀರನ್ನು ತಂದ. ಬೀದಿಬೀದಿಗೂ ನಲ್ಲಿಗಳು ಬಂದುವು. ಈ ಕೆಲಸಕ್ಕೆ ತನಗೆ ಸಲ್ಲಬೇಕಾಗಿದ್ದ ದೊಡ್ಡ ಸಂಭಾವನೆಯನ್ನು ಆತ ಬೇಡವೆಂದ. ಊರವರು ಕೊಟ್ಟ ಪದಕವನ್ನು ಮಾತ್ರ ಸ್ವೀಕರಿಸಿದ.

ಊರಿಗೆ ನೀರು ತಂದವನಿಗೆ ನೀರನ್ನು ಸೋಸುವ ಚಿಂತೆಯೂ ಇರುವುದು ಸಹಜ. ಮರಳಿನ ಹಾಸಿನ ಮೂಲಕ ನೀರನ್ನು ಹಾಯಿಸಿ ಶುದ್ಧಿಮಾಡುವುದು ಆಗಲೇ ಬಳಕೆಯಲ್ಲಿತ್ತು. ಆದರೆ ಇಷ್ಟು ಜನರಿಗೆ ಇಷ್ಟು ನೀರು ಬೇಕಾದರೆ ಎಷ್ಟು ಅಗಲದ, ಎಷ್ಟು ದಪ್ಪದ ಮರಳಿನ ಹಾಸು ಬೇಕು ಎಂಬುದಕ್ಕೆ ಯಾರಲ್ಲಿಯೂ ಲೆಕ್ಕವಿರಲಿಲ್ಲ. 1855 ಮತ್ತು 1856ರಲ್ಲಿ ದಿಜೋನಿನ ಆಸ್ಪತ್ರೆಯ ಅಂಗಳದಲ್ಲಿ ಆಳೆತ್ತರಕ್ಕಿಂತ ಎತ್ತರವಾದ, 35 ಸೆಂಟಿಮೀಟರ್ ವ್ಯಾಸದ ಕಬ್ಬಿಣದ ಕೊಳವೆಯೊಂದನ್ನು ನೆಟ್ಟಗೆ ನಿಲ್ಲಿಸಿ, ಅದರಲ್ಲಿ ನದಿಯ ಮರಳನ್ನು ತುಂಬಿ, ಮೇಲಿನಿಂದ ನೀರು ಬಿಟ್ಟು, ಮೇಲೂ ಕೆಳಗೂ ಒತ್ತಡವನ್ನು ಪಾದರಸದ ಮಾಪಕಗಳಿಂದ ಅಳೆಯಲಾಯಿತು. ರಿಟ್ಟರ್ ಎಂಬ ಎಂಜಿನಿಯರು ಅವನಿಗೆ ನೆರವಾದ. ಆಸ್ಪತ್ರೆಯವರು ನಲ್ಲಿಗಳನ್ನು ಆಗಾಗ ತಿರುಗಿಸುತ್ತಿದ್ದುದರಿಂದ ಮಾಪಕದ ಪಾದರಸ ಒಂದೇ ಸಮನೆ ತೂಗಾಡುತ್ತಿತ್ತೆಂದು ಡಾರ್ಸಿ ಬರೆದಿದ್ದಾನೆ. ಮಹತ್ತರವಾದ ನಿಯಮವೊಂದು ಹುಟ್ಟುತ್ತಿದ್ದಾಗ ಪಕ್ಕದಲ್ಲಿ ಯಾರೋ ಪಾತ್ರೆ ತೊಳೆಯುತ್ತಿದ್ದರು ಎಂಬ ಈ ವಿವರ ನನಗೆ ಬಹಳ ಹಿಡಿಸಿತು.

ಅಳತೆಯಿಂದ ಹೊರಟ ನಿಯಮ ಅತ್ಯಂತ ಸರಳವಾದುದು. ಹಾಯುವ ನೀರಿನ ಪ್ರಮಾಣವು ಮೇಲುಗಡೆಗೂ ಕೆಳಗಡೆಗೂ ಇರುವ ಒತ್ತಡದ ವ್ಯತ್ಯಾಸಕ್ಕೆ ಅನುಪಾತದಲ್ಲಿ ಹೆಚ್ಚುತ್ತದೆ. ಮರಳಿನ ಹಾಸಿನ ದಪ್ಪಕ್ಕೆ ಅನುಪಾತದಲ್ಲಿ ಕಡಿಮೆಯಾಗುತ್ತದೆ. ಇವೆರಡರ ಜತೆಗೆ ಆಯಾ ಮರಳಿಗೇ ವಿಶಿಷ್ಟವಾದ ಒಂದು ಗುಣಕವಿರುತ್ತದೆ. ಇದನ್ನು 1856ರಲ್ಲಿ ಪ್ರಕಟವಾದ, ದಿಜೋನಿನ ನಲ್ಲಿಗಳನ್ನು ಕುರಿತ ತನ್ನ ದೊಡ್ಡ ಗ್ರಂಥದ ಅನುಬಂಧದಲ್ಲಿ ಆತ ಸೇರಿಸಿದ. ಗ್ರಂಥದ ಒಡಲನ್ನು ಇಂದು ಚರಿತ್ರಕಾರರು ಓದುತ್ತಾರೆ. ಅನುಬಂಧವನ್ನು ಲೋಕವೆಲ್ಲ ಬಳಸುತ್ತದೆ. 1858ರ ಜನವರಿಯಲ್ಲಿ ಡಾರ್ಸಿ ತೀರಿಕೊಂಡ. ಊರಿನ ಒಂದು ಚೌಕಕ್ಕೆ ಅವನ ಹೆಸರಿಟ್ಟರು. ಅಂತರ್ಜಲದ ಲೆಕ್ಕ, ಎಣ್ಣೆಯ ಬಾವಿಗಳ ಲೆಕ್ಕ, ಅಣೆಕಟ್ಟಿನ ಅಡಿಯ ಸೋರಿಕೆಯ ಲೆಕ್ಕ ಎಲ್ಲಕ್ಕೂ ಅವನ ನಿಯಮವೇ ತಳಹದಿಯಾಯಿತು. ಎಣ್ಣೆಯ ಎಂಜಿನಿಯರುಗಳು ಕಲ್ಲಿನ ಪಾರಗಮ್ಯತೆಯನ್ನು, ಎಂದರೆ ದ್ರವವನ್ನು ಹಾಯಗೊಡುವ ಗುಣವನ್ನು, ಅಳೆಯುವ ಮಾನಕ್ಕೂ 'ಡಾರ್ಸಿ' ಎಂದೇ ಹೆಸರು. ಮನುಷ್ಯ ಹೋಗಿ ಮಾನವಾಗಿ ಉಳಿದ.

ಆದರೆ ಆ ಗುಣಕ ಎಲ್ಲಿಂದ ಬಂದಿತು? ಒಂದು ಮರಳಿಗೆ ಇಷ್ಟು, ಇನ್ನೊಂದಕ್ಕೆ ಅಷ್ಟು ಎಂದೇಕೆ? ಡಾರ್ಸಿ ಅದನ್ನು ಅಳೆದ, ವಿವರಿಸಲಿಲ್ಲ. ತಾತ್ವಿಕವಾಗಿ ನೋಡಿದರೆ ಉತ್ತರ ಕೈಯಲ್ಲೇ ಇತ್ತು. ಫ್ರಾನ್ಸಿನ ನಾವಿಯೇ 1822ರಲ್ಲಿಯೂ ಇಂಗ್ಲೆಂಡಿನ ಸ್ಟೋಕ್ಸ್ 1845ರಲ್ಲಿಯೂ ದ್ರವಗಳ ಚಲನೆಗೆ ಸಮೀಕರಣಗಳನ್ನು ಬರೆದಿದ್ದರು. ಆದರೆ ಸಮೀಕರಣವನ್ನು ಬರೆಯುವುದು ಬೇರೆ, ಬಿಡಿಸುವುದು ಬೇರೆ. ನೇರವಾದ ಕೊಳವೆಯಲ್ಲಾದರೆ ಬಿಡಿಸಬಹುದು. ಒಂದು ಹಿಡಿ ಮರಳಿನಲ್ಲಿರುವ ಸಾವಿರಾರು ಸಂದಿಗಳಲ್ಲಿ, ಒಂದರಂತೆ ಇನ್ನೊಂದಿಲ್ಲದ ಆ ಓಣಿಗಳಲ್ಲಿ, ಪ್ರತಿಯೊಂದು ಕಾಳಿನ ಮೈಯೂ ಒಂದು ಗೋಡೆಯಾಗಿರುವಲ್ಲಿ ಯಾವ ಗಣಿತಜ್ಞ ತಾನೇ ಬಿಡಿಸಿಯಾನು? ಕೊಜೆನಿ 1927ರಲ್ಲಿ, ಕಾರ್ಮನ್ 1937ರಲ್ಲಿ, ಮರಳನ್ನು ಸಣ್ಣ ಕೊಳವೆಗಳ ಕಂತೆಯೆಂದು ಭಾವಿಸಿಕೊಂಡು ಒಂದು ಅಂದಾಜಿನ ಸೂತ್ರವನ್ನು ಕೊಟ್ಟರು. ಅದು ಇಂದಿಗೂ ಉಪಯುಕ್ತ. ಆದರೆ ಮರಳು ಕೊಳವೆಗಳ ಕಂತೆಯಲ್ಲ ಎಂಬುದು ಅವರಿಗೂ ಗೊತ್ತಿತ್ತು.

ಗೋಡೆಗಳ ಗೋಜಲನ್ನೇ ಬೇರೊಂದು ಕಡೆಯಿಂದ ನೋಡಿದವರೂ ಉಂಟು. ಕಲ್ಲಿದ್ದಲ ಗಣಿಗಳಲ್ಲಿ ಬಳಸುವ ಅನಿಲ ಮುಖವಾಡಗಳ ವಿಚಾರದಲ್ಲಿ ತೊಡಗಿದ್ದ ಬ್ರಾಡ್‌ಬೆಂಟ್, ಗಣಿತಜ್ಞ ಹ್ಯಾಮರ್‌ಸ್ಲಿ ಇಬ್ಬರೂ ಸೇರಿ 1957ರಲ್ಲಿ ಒಂದು ಪ್ರಶ್ನೆಯನ್ನು ಎತ್ತಿದರು. ರಂಧ್ರಗಳು ಅಲ್ಲಲ್ಲಿ ಮುಚ್ಚಿ, ಅಲ್ಲಲ್ಲಿ ತೆರೆದಿದ್ದರೆ ಈ ಕಡೆಯಿಂದ ಆ ಕಡೆಗೆ ದಾರಿಯೊಂದು ಇದ್ದೇ ಇರುತ್ತದೆಯೆ? ತೆರೆದ ರಂಧ್ರಗಳ ಪ್ರಮಾಣ ಒಂದು ಮಿತಿಗಿಂತ ಕಡಿಮೆಯಾದರೆ ದಾರಿಯೇ ಇರುವುದಿಲ್ಲ, ಮಿತಿ ದಾಟಿದೊಡನೆ ದಾರಿ ಹುಟ್ಟುತ್ತದೆ ಎಂಬುದು ಅವರು ಕಂಡುಕೊಂಡ ಸಂಗತಿ. ಇದು ದಾರಿಯ ಇರವನ್ನು ಹೇಳುವ ಶಾಸ್ತ್ರ. ದಾರಿಯಲ್ಲಿ ನೀರು ಹೇಗೆ ನಡೆಯುತ್ತದೆ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಈಗ ವಿಯೆನ್ನಾ ನಗರಕ್ಕೆ ಹೋಗೋಣ. ಅಲ್ಲಿ 1844ರಲ್ಲಿ ಹುಟ್ಟಿದ ಲುಡ್ವಿಗ್ ಬೋಲ್ಟ್ಸ್‌ಮನ್ ಅನಿಲಗಳನ್ನು ಕಣಗಳ ಜಾತ್ರೆಯೆಂದು ಕಂಡವನು. ಪ್ರತಿಯೊಂದು ಕಣದ ಜಾತಕವನ್ನು ಬರೆಯುವುದು ಅಸಾಧ್ಯ. ಆದರೆ ಇಂಥ ಜಾಗದಲ್ಲಿ, ಇಂಥ ವೇಗದಲ್ಲಿ ಚಲಿಸುವ ಕಣಗಳು ಸರಾಸರಿ ಎಷ್ಟು ಎಂದು ಹೇಳಬಹುದು ಎಂಬುದು ಅವನ ವಿಚಾರ. ಈ ಸಂಖ್ಯೆ ಕಣಗಳ ಓಟದಿಂದಲೂ ಪರಸ್ಪರ ಡಿಕ್ಕಿಯಿಂದಲೂ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಆತ 1872ರಲ್ಲಿ ಸಮೀಕರಣವನ್ನು ಕೊಟ್ಟ. ಅಣುಗಳನ್ನು ಯಾರು ಕಂಡಿದ್ದಾರೆ ಎಂದು ಮಾಖ್, ಓಸ್ಟ್‌ವಾಲ್ಡ್ ಮೊದಲಾದ ಘನ ವಿದ್ವಾಂಸರು ಅವನನ್ನು ಎದುರಿಸಿದರು. ವಿಷಾದರೋಗದಿಂದ ಬಳಲುತ್ತಿದ್ದ ಬೋಲ್ಟ್ಸ್‌ಮನ್ 1906ರ ಸೆಪ್ಟೆಂಬರಿನಲ್ಲಿ ದುಯಿನೊ ಎಂಬ ಕಡಲತೀರದ ಊರಿನಲ್ಲಿ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡ. ಅಣುಗಳು ಇವೆಯೆಂಬುದಕ್ಕೆ ಅಲ್ಲಗಳೆಯಲಾಗದ ಪ್ರಯೋಗದ ಸಾಕ್ಷ್ಯವನ್ನು ಪೆರಿನ್ ಒದಗಿಸತೊಡಗಿದ್ದು 1908ರಲ್ಲಿ. ಎರಡೇ ವರ್ಷಗಳ ಅಂತರ.

ಬೋಲ್ಟ್ಸ್‌ಮನ್ನನ ಸಮೀಕರಣದಲ್ಲಿ ಕಣಗಳ ಓಟದ ಭಾಗ ಸುಲಭ. ಡಿಕ್ಕಿಯ ಭಾಗ ಬಲು ಕಠಿಣ. ಅದನ್ನು ಸುಲಭಗೊಳಿಸಿದ ಕೀರ್ತಿಯ ಒಂದು ಪಾಲು ನಮ್ಮ ದೇಶದವರೊಬ್ಬರಿಗೆ ಸಲ್ಲುತ್ತದೆ. ಪ್ರಭುಲಾಲ್ ಭಟ್ನಾಗರ್ ಅವರು ಹುಟ್ಟಿದ್ದು 1912ರಲ್ಲಿ, ರಾಜಸ್ಥಾನದ ಕೋಟಾದಲ್ಲಿ. ಅಲಹಾಬಾದಿನಲ್ಲಿ ಓದಿ, ದೆಹಲಿಯ ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿ ಪಾಠ ಹೇಳಿಕೊಂಡಿದ್ದವರು; ಐವತ್ತರ ದಶಕದ ಮೊದಲಿಗೆ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಹೋದರು. ಅಲ್ಲಿ ಯೂಜಿನ್ ಗ್ರಾಸ್, ಮ್ಯಾಕ್ಸ್ ಕ್ರೂಕ್ ಎಂಬಿಬ್ಬರೊಡನೆ ಸೇರಿ ಅವರು ಬರೆದ ಪ್ರಬಂಧ 1954ರಲ್ಲಿ ಪ್ರಕಟವಾಯಿತು. ಅದೇ ವರ್ಷ ವೆಲಾಂಡರ್ ಎಂಬ ವಿಜ್ಞಾನಿಯೂ ಸ್ವತಂತ್ರವಾಗಿ ಇಂಥದೇ ವಿಚಾರವನ್ನು ಮಂಡಿಸಿದ.

ಆ ಪ್ರಬಂಧದ ತಿರುಳನ್ನು ಸಾಮಾನ್ಯ ಮಾತಿನಲ್ಲಿ ಹೀಗೆ ಹೇಳಬಹುದು. ಲೋಟದಲ್ಲಿ ಬಿಸಿ ಕಾಫಿ ಇದೆ. ಅದರೊಳಗಿನ ಕೋಟ್ಯನುಕೋಟಿ ಅಣುಗಳ ಡಿಕ್ಕಿಗಳನ್ನು ಎಣಿಸದೆಯೇ, ಕಾಫಿ ಕ್ರಮೇಣ ಕೋಣೆಯ ಬಿಸಿಗೆ ಇಳಿಯುತ್ತದೆ, ವ್ಯತ್ಯಾಸ ಹೆಚ್ಚಾಗಿದ್ದಾಗ ಬೇಗ, ಕಡಿಮೆಯಾದಂತೆ ನಿಧಾನ ಎಂದು ನಾವು ಹೇಳುತ್ತೇವಲ್ಲವೆ? ಹಾಗೆಯೇ ಡಿಕ್ಕಿಗಳ ಒಟ್ಟು ಪರಿಣಾಮವೆಂದರೆ ಕಣಗಳ ಹಂಚಿಕೆಯನ್ನು ಅದರ ಸಮತೋಲನದ ಸ್ಥಿತಿಯ ಕಡೆಗೆ ಒಂದು ಗೊತ್ತಾದ ಗತಿಯಲ್ಲಿ ಎಳೆಯುವುದು ಎಂದು ಈ ಮೂವರು ಇಟ್ಟುಕೊಂಡರು. ದ್ರವ್ಯರಾಶಿ, ಸಂವೇಗ, ಶಕ್ತಿ ಇವು ಮಾತ್ರ ಎಲ್ಲಿಯೂ ಸೋರಿಹೋಗಬಾರದು. ಪುಟಗಟ್ಟಲೆ ಲೆಕ್ಕದ ಜಾಗದಲ್ಲಿ ಒಂದು ಕಳೆಯುವ ಲೆಕ್ಕ, ಒಂದು ಭಾಗಾಕಾರ ಬಂದು ಕುಳಿತುವು. ಅವರ ಮುಂದೆ ಇದ್ದುದು ಅನಿಲಗಳ, ವಿದ್ಯುದಂಶವುಳ್ಳ ಅನಿಲಗಳ ಸಣ್ಣ ಕಂಪನಗಳ ಪ್ರಶ್ನೆ. ಮರಳೂ ಇಲ್ಲ, ಮಡಕೆಯೂ ಇಲ್ಲ, ಗಣಕಯಂತ್ರವೂ ಇಲ್ಲ.

1956ರಲ್ಲಿ ಭಟ್ನಾಗರ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಲ್ಲಿ ಅನ್ವಿತ ಗಣಿತ ವಿಭಾಗವನ್ನು ಕಟ್ಟಿದರು. ವಿಲಕ್ಷಣ ಸ್ನಿಗ್ಧತೆಯುಳ್ಳ ದ್ರವಗಳ ಹರಿವಿನ ಮೇಲೆ ಸಂಶೋಧನೆ ಮಾಡಿದರು, ಮಾಡಿಸಿದರು. 1968ರಲ್ಲಿ ಪದ್ಮಭೂಷಣ ಬಂದಿತು. ಮುಂದೆ ರಾಜಸ್ಥಾನ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. 1976ರಲ್ಲಿ ತೀರಿಕೊಂಡರು. ಅವರ 1954ರ ಪ್ರಬಂಧ ಮರಳಿನ ಕಾಳುಗಳ ನಡುವೆ ಇಳಿಯಲು ಆಗ ಇನ್ನೂ ಹದಿನಾರು ವರ್ಷ ಬಾಕಿಯಿತ್ತು.

ಈ ನಡುವೆ ಗಣಕಯಂತ್ರ ಬಂದಿತ್ತು. ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಶಾಲೆಯಲ್ಲಿ ಹಾರ್ಲೊ ಎಂಬಾತ ಐವತ್ತರ ದಶಕದ ನಡುವಿನಲ್ಲೇ ದ್ರವವನ್ನು ಕಣಗಳ ಗುಂಪಾಗಿ ಭಾವಿಸಿ ಯಂತ್ರದಲ್ಲಿ ಓಡಿಸಿ ನೋಡಿದ್ದ. ಉಲಾಮ್, ಫಾನ್ ನಾಯ್ಮನ್ ಎಂಬ ಗಣಿತಜ್ಞರು ಚದುರಂಗದ ಮಣೆಯಂತೆ ಮನೆಗಳನ್ನು ಹಾಸಿ, ಪ್ರತಿಯೊಂದು ಮನೆಯೂ ನೆರೆಮನೆಗಳನ್ನು ನೋಡಿ ತನ್ನ ಸ್ಥಿತಿಯನ್ನು ಬದಲಾಯಿಸಿಕೊಳ್ಳುವ ಆಟಗಳನ್ನು ಕಲ್ಪಿಸಿದ್ದರು. 1973ರಲ್ಲಿ ಫ್ರಾನ್ಸಿನ ಹಾರ್ಡಿ, ಪೊಮೊ, ದ ಪಾಜಿ ಎಂಬ ಮೂವರು ಇಂಥ ಮಣೆಯ ಮೇಲೆ ಕಣಗಳನ್ನು ಬಿಟ್ಟರು. ಕಣ ನಾಲ್ಕು ದಿಕ್ಕುಗಳಲ್ಲಿ ಮಾತ್ರ ಚಲಿಸಬಹುದು. ಎಲ್ಲ ಕಣಗಳಿಗೂ ಒಂದೇ ವೇಗ. ಎರಡು ಕಣ ಎದುರುಬದುರಾಗಿ ಡಿಕ್ಕಿ ಹೊಡೆದರೆ ಎರಡೂ ಪಕ್ಕಕ್ಕೆ ತಿರುಗಿ ಬೇರೆಯಾಗಬೇಕು. ನಿಯಮ ಇಷ್ಟೆ. ಆಟ ಸೊಗಸಾಗಿತ್ತು. ಆದರೆ ಕಣಗಳ ಗುಂಪಿನ ನಡತೆ ನೀರಿನ ನಡತೆಯಾಗಲಿಲ್ಲ. ಚೌಕದ ಮಣೆಯ ಚೌಕತನ ಹರಿವಿನಲ್ಲಿಯೂ ಕಾಣಿಸಿಕೊಂಡಿತು. ನೀರಿಗೆ ದಿಕ್ಕುಗಳ ಪಕ್ಷಪಾತವಿಲ್ಲ, ಮಣೆಗೆ ಇತ್ತು.

ಹದಿಮೂರು ವರ್ಷಗಳ ಮೇಲೆ, 1986ರಲ್ಲಿ, ಫ್ರಿಶ್, ಹಾಸ್ಲಾಕರ್, ಪೊಮೊ ಈ ಮೂವರು ಚೌಕದ ಮಣೆಯನ್ನು ಬಿಟ್ಟು ತ್ರಿಕೋನಗಳ ಜಾಲವನ್ನು ಹಿಡಿದರು. ಈಗ ಕಣಕ್ಕೆ ಆರು ದಿಕ್ಕುಗಳು. ಎದುರುಬದುರಾಗಿ ಬಂದ ಜೋಡಿ ಅರುವತ್ತು ಡಿಗ್ರಿ ಎಡಕ್ಕೋ ಬಲಕ್ಕೋ ತಿರುಗಬೇಕು. ಮೂರು ದಿಕ್ಕಿನಿಂದ ಸಮವಾಗಿ ಬಂದ ಮೂರು ಕಣಗಳು ಬಂದ ದಾರಿಗೆ ಹಿಂದಿರುಗಬೇಕು. ದೂರದಿಂದ ನೋಡಿದಾಗ, ಎಂದರೆ ಬಹಳ ಮನೆಗಳ ಸರಾಸರಿ ತೆಗೆದಾಗ, ಈ ಆಟ ನಾವಿಯೇ ಮತ್ತು ಸ್ಟೋಕ್ಸರ ಸಮೀಕರಣಗಳನ್ನೇ ಬಹುಮಟ್ಟಿಗೆ ಪಾಲಿಸುತ್ತದೆಂದು ಅವರು ತೋರಿಸಿದರು. ಭೌತವಿಜ್ಞಾನಿಗಳಿಗೆ ಇದು ದೊಡ್ಡ ಅಚ್ಚರಿ. ನೀರಿನಲ್ಲಿ ಆರೇ ದಿಕ್ಕಿಗೆ ಓಡುವ ಕಣಗಳಿಲ್ಲ. ಒಂದೇ ವೇಗದ ಅಣುಗಳಿಲ್ಲ. ಬುಡದಲ್ಲಿ ಎಲ್ಲವೂ ಕಲ್ಪಿತ, ತುದಿಯಲ್ಲಿ ಬಂದದ್ದು ಸತ್ಯ. ದ್ರವ್ಯರಾಶಿ ಮತ್ತು ಸಂವೇಗ ಉಳಿದುಕೊಂಡು, ದಿಕ್ಕುಗಳ ಪಕ್ಷಪಾತ ತೊಲಗಿದರೆ ಸಾಕು, ಬುಡದ ಉಳಿದ ವಿವರಗಳು ತುದಿಯಲ್ಲಿ ಅಳಿಸಿಹೋಗುತ್ತವೆ ಎಂಬುದು ಇದರ ರಹಸ್ಯ.

ಇಲ್ಲಿ ಛಂದಸ್ಸಿನ ಪಾಠ ಹೇಳಿದ ನನಗೆ ಒಂದು ಹಳೆಯ ನೆನಪು ಸುಳಿಯುತ್ತದೆ. ಪ್ರತಿಯೊಂದು ಮನೆಯಲ್ಲಿಯೂ ಆರು ದಿಕ್ಕುಗಳು. ಪ್ರತಿ ದಿಕ್ಕಿನಲ್ಲಿಯೂ ಕಣ ಇದೆ ಅಥವಾ ಇಲ್ಲ. ಹೀಗೆ ಒಂದು ಮನೆಗೆ ಒಟ್ಟು 64 ಸ್ಥಿತಿಗಳು. ನಮ್ಮ ಲಾಕ್ಷಣಿಕರ ಪ್ರಸ್ತಾರವೂ ಇದೇ ಲೆಕ್ಕ: ಪ್ರತಿ ಸ್ಥಾನದಲ್ಲಿಯೂ ಲಘು ಅಥವಾ ಗುರು, ಪಾದಕ್ಕೆ ಆರಕ್ಷರವಿರುವ ಗಾಯತ್ರಿಗೆ 64 ವೃತ್ತಗಳು. ಮೂರು ಆಯಾಮದ ದ್ರವಕ್ಕೆ ಹೊರಟಾಗ ಡುಮಿಯೇರ್, ಲಾಲ್ಮಾನ್, ಫ್ರಿಶ್ ಅದೇ 1986ರಲ್ಲಿ 24 ದಿಕ್ಕುಗಳ ಜಾಲವನ್ನು ಬಳಸಬೇಕಾಯಿತು. ಆಗ ಸ್ಥಿತಿಗಳ ಸಂಖ್ಯೆ 1,67,77,216. ಪಾದಕ್ಕೆ 24 ಅಕ್ಷರಗಳ ಸಂಸ್ಕೃತಿ ಎಂಬ ಛಂದಸ್ಸಿಗೆ ಪ್ರಸ್ತಾರದಿಂದ ಬರುವ ವೃತ್ತಗಳ ಸಂಖ್ಯೆಯೂ ಅಷ್ಟೆ. ನಮ್ಮ ಪೂರ್ವಿಕರಿಗೆ ಗಣಕಯಂತ್ರ ಗೊತ್ತಿತ್ತೆಂದು ಇದರಿಂದ ಸಾಧಿಸಹೊರಡುವುದು ಹುಚ್ಚಾಟವಾದೀತು. ಎರಡರಿಂದ ಗುಣಿಸುತ್ತ ಹೋದರೆ ಯಾರಿಗೇ ಆಗಲಿ ಬರುವ ಸಂಖ್ಯೆ ಒಂದೇ. ಆದರೆ ಈ ಎರಡಕ್ಷರದ ವಿಚಾರ ಕನ್ನಡ ಓದುಗರಿಗೆ ಅಪರಿಚಿತವಲ್ಲ ಎಂದಷ್ಟನ್ನು ಹೇಳಬಹುದು. ಕೋಟಿ ಮೀರಿದ ಸ್ಥಿತಿಗಳಲ್ಲಿ ಒಂದೊಂದಕ್ಕೂ ಡಿಕ್ಕಿಯ ಫಲವನ್ನು ಬರೆದಿಡಬೇಕಾಗಿ ಬಂದುದು ಆ ಕಾಲದ ಯಂತ್ರಗಳಿಗೆ ಹೊರೆಯಾಯಿತು ಎಂಬುದನ್ನೂ ಸೇರಿಸಬೇಕು.

ಕಣಗಳ ಈ ಆಟ ಮರಳಿಗೆ ಹೇಳಿಮಾಡಿಸಿದಂತಿತ್ತು. ಸಮೀಕರಣದ ದಾರಿಯಲ್ಲಿ ಗೋಡೆಗಳೇ ತೊಡಕು ಎಂದೆನಲ್ಲ; ಕಣದ ದಾರಿಯಲ್ಲಿ ಗೋಡೆಗೆ ಒಂದೇ ನಿಯಮ: ಕಲ್ಲಿಗೆ ಬಡಿದ ಕಣ ಬಂದ ದಾರಿಯಲ್ಲೇ ಹಿಂದಿರುಗತಕ್ಕದ್ದು. ಗೋಡೆ ಎಷ್ಟೇ ವಕ್ರವಾಗಿರಲಿ, ಎಷ್ಟೇ ಇರಲಿ, ಕಣಕ್ಕೆ ಅದರ ಚಿಂತೆಯಿಲ್ಲ. ಗೋಡೆಯ ಬಳಿ ದ್ರವ ನಿಶ್ಚಲವಾಗಿ ಅಂಟಿಕೊಳ್ಳುವುದು ಈ ಒಂದು ನಿಯಮದಿಂದ ತಾನಾಗಿ ಒದಗುತ್ತದೆ. 1987ರಲ್ಲಿ ಬಾಲಸುಬ್ರಮಣಿಯನ್, ಹೇಯೋ, ಸಾಮ್ ಎಂಬವರು ಈ ಕಣಗಳ ಆಟದಿಂದಲೇ ಡಾರ್ಸಿಯ ನಿಯಮ ಹೊರಡುತ್ತದೆಂದು ತೋರಿಸಿದರು. 1988ರಲ್ಲಿ ಭೂಭೌತವಿಜ್ಞಾನಿ ಡೇನಿಯಲ್ ರಾತ್‌ಮನ್ ಕಲ್ಲಿನ ರಂಧ್ರಗಳಲ್ಲಿ ಹರಿವನ್ನು ಈ ಕ್ರಮದಿಂದ ಲೆಕ್ಕಹಾಕುವುದನ್ನು ವಿವರಿಸಿದ. ಅದೇ ವರ್ಷ ಕೆಲ್ಲರ್ ಎಂಬಾತನೊಡನೆ ಎಣ್ಣೆ ಮತ್ತು ನೀರಿನಂತೆ ಒಂದರಲ್ಲೊಂದು ಬೆರೆಯದ ಎರಡು ದ್ರವಗಳಿಗೆ ಎರಡು ಬಣ್ಣದ ಕಣಗಳನ್ನು ತಂದ. ಡಾರ್ಸಿ ಅಳೆದು ಬಿಟ್ಟಿದ್ದ ಗುಣಕ ಈಗ ರಂಧ್ರಗಳ ಆಕಾರದಿಂದ ಲೆಕ್ಕಕ್ಕೆ ಸಿಕ್ಕತೊಡಗಿತು.

ಆದರೆ ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ ಎನ್ನುವ ಕಣಗಳಿಗೆ ಒಂದು ತೊಂದರೆಯಿತ್ತು. ಸಂತೆಯ ಗದ್ದಲದಲ್ಲಿ ಮಾತು ಕೇಳಿಸದ ಹಾಗೆ, ಕಣಗಳ ಗಜಿಬಿಜಿಯಲ್ಲಿ ಹರಿವು ಮುಚ್ಚಿಹೋಗುತ್ತಿತ್ತು. ಅದನ್ನು ತಿಳಿಗೊಳಿಸಲು ಬಹಳ ಹೊತ್ತು, ಬಹಳ ಮನೆಗಳ ಸರಾಸರಿ ತೆಗೆಯಬೇಕಿತ್ತು. 1988ರಲ್ಲಿ ಮೆಕ್‌ನಮಾರಾ ಮತ್ತು ಜಾನೆಟ್ಟಿ, ಕಣವನ್ನೇ ಬಿಟ್ಟು ಕಣವಿರುವ ಸಂಭವವನ್ನು ಮನೆಯಿಂದ ಮನೆಗೆ ಸಾಗಿಸೋಣ ಎಂದರು. ಒಂದು, ಸೊನ್ನೆಗಳ ಜಾಗದಲ್ಲಿ ಭಿನ್ನರಾಶಿಗಳು ಬಂದುವು, ಗದ್ದಲ ಅಡಗಿತು. ಹೀಗೆ ಮಾಡಿದಾಗ ಜಾಲದ ಮೇಲೆ ಪ್ರತ್ಯಕ್ಷವಾದದ್ದು ಬೇರೆ ಯಾವುದೂ ಅಲ್ಲ, 1872ರ ಬೋಲ್ಟ್ಸ್‌ಮನ್ನನ ಸಮೀಕರಣವೇ. ಮರುವರ್ಷ ಇಗೇರಾ, ಹಿಮೆನೆಜ್ ಇಬ್ಬರೂ ಡಿಕ್ಕಿಯ ಲೆಕ್ಕವನ್ನು ಹಗುರಗೊಳಿಸಿದರು. ಸುಚ್ಚಿ, ಫೋತಿ, ಇಗೇರಾ ಮೂರು ಆಯಾಮಗಳ ರಂಧ್ರಮಯ ವಸ್ತುವಿನಲ್ಲಿ ಹರಿವನ್ನು ಲೆಕ್ಕಹಾಕಿ ಡಾರ್ಸಿಯ ನಿಯಮವನ್ನು ಅಲ್ಲಿಯೂ ಕಂಡರು.

ಡಿಕ್ಕಿಯ ಲೆಕ್ಕ ಇನ್ನೂ ಸರಳವಾಗಬೇಕಿತ್ತು. ಆಗ ಒದಗಿ ಬಂದದ್ದು 1954ರ ಆ ಹಳೆಯ ಪ್ರಬಂಧ. 1992ರಲ್ಲಿ ಚಿಯಾನ್, ಡುಮಿಯೇರ್, ಲಾಲ್ಮಾನ್ ಭಟ್ನಾಗರ್, ಗ್ರಾಸ್, ಕ್ರೂಕ್ ಇವರ ವಿಚಾರವನ್ನು ಜಾಲದ ಮೇಲೆ ಇಳಿಸಿದರು. ಅದೇ ಹೊತ್ತಿಗೆ ಬೇರೆ ಕೆಲವರೂ ಅದೇ ದಾರಿಯನ್ನು ಹಿಡಿದಿದ್ದರು. ಕೋಟಿಗಟ್ಟಲೆ ಸ್ಥಿತಿಗಳ ಪಟ್ಟಿ ಹೋಗಿ, ಮೂರು ಆಯಾಮಗಳಲ್ಲಿ 19 ದಿಕ್ಕುಗಳಿಗೆ 19 ಸಣ್ಣ ಲೆಕ್ಕಗಳು ಉಳಿದುವು. ಇಂದು ಈ ವಿಧಾನವನ್ನು ಕಲಿಯುವ ವಿದ್ಯಾರ್ಥಿ ಎಲ್ಲಕ್ಕಿಂತ ಮೊದಲು ಬರೆಯುವುದು ಇದೇ ಸಾಲನ್ನು. ಅದಕ್ಕೆ ಅವನು ಹೇಳುವ ಹೆಸರು 'ಬಿ.ಜಿ.ಕೆ.' ಎಂದು. ಕನ್ನಡದಲ್ಲಿ ಬಿ.ಎಂ.ಶ್ರೀ. ಎಂದರೆ ಮೂರಕ್ಷರಗಳ ಹಿಂದೆ ಒಬ್ಬ ಮನುಷ್ಯರು, ಅವರ ದನಿ, ಅವರ ಶಿಷ್ಯರು ಎಲ್ಲ ಕಣ್ಣಿಗೆ ಕಟ್ಟುತ್ತಾರೆ. ಬಿ.ಜಿ.ಕೆ. ಎಂದಾಗ 'ಬಿ' ಎಂದರೆ ಯಾರು ಎಂದು ಕೇಳಿದರೆ ಬೆಂಗಳೂರಿನಲ್ಲಿಯೇ ಎಷ್ಟು ಜನ ಹೇಳಿಯಾರು? ಮನೆ ಕಟ್ಟಿದವನ ಹೆಸರು ಮನೆಯಲ್ಲಿರುವವರಿಗೆ ಗೊತ್ತಿರಬೇಕೆಂಬುದು ನನ್ನ ಹಟ. ಹೆಸರು ಗೊತ್ತಿಲ್ಲದಿದ್ದರೆ ಮನೆ ಬೀಳುವುದಿಲ್ಲ, ನಿಜ. ಕಟ್ಟುವ ಹಂಬಲ ಮಾತ್ರ ಮುಂದಿನವರಿಗೆ ದಾಟುವುದಿಲ್ಲ.

ಮುಂದಿನ ಹೆಜ್ಜೆಯನ್ನು ಕ್ಷ-ಕಿರಣ ಇಟ್ಟಿತು. ಆಸ್ಪತ್ರೆಗಳಲ್ಲಿ ದೇಹದ ಒಳಭಾಗವನ್ನು ಪದರ ಪದರವಾಗಿ ಚಿತ್ರಿಸುವ ಕ್ರಮವನ್ನು ಕಲ್ಲಿನ ಸಣ್ಣ ತುಂಡಿಗೆ ಅನ್ವಯಿಸಿದರೆ ಒಳಗಿನ ರಂಧ್ರಗಳ ನಕ್ಷೆಯೇ ಕೈಗೆ ಬರುತ್ತದೆ. 1995ರಲ್ಲಿ ಫೆರೆಯೋಲ್ ಮತ್ತು ರಾತ್‌ಮನ್ ಫ್ರಾನ್ಸಿನ ಫಾಂಟೆನ್‌ಬ್ಲೋ ಮರಳುಗಲ್ಲಿನ ಇಂಥ ಚಿತ್ರದೊಳಗೆ ದ್ರವವನ್ನು ಹರಿಸಿ ಅದರ ಪಾರಗಮ್ಯತೆಯನ್ನು ಲೆಕ್ಕಹಾಕಿದರು. ಇನ್ನೊಂದು ದಾರಿಯೂ ಬೆಳೆಯಿತು. 1977ರಲ್ಲಿ ಲೂಸಿ ಒಂದು ಕಡೆ, ಗಿಂಗೋಲ್ಡ್ ಮತ್ತು ಮೊನಾಘನ್ ಇನ್ನೊಂದು ಕಡೆ, ನಕ್ಷತ್ರಗಳ ಲೆಕ್ಕಕ್ಕಾಗಿ ಜಾಲವೇ ಇಲ್ಲದೆ ಕಣಗಳು ಸ್ವತಂತ್ರವಾಗಿ ಚಲಿಸುವ ವಿಧಾನವನ್ನು ಕಂಡುಹಿಡಿದಿದ್ದರು. 1999ರಲ್ಲಿ ಜು, ಫಾಕ್ಸ್, ಮಾರಿಸ್ ಎಂಬವರು ಅದನ್ನು ರಂಧ್ರಗಳೊಳಗಿನ ಹರಿವಿಗೆ ಬಳಸಿದರು. ನಕ್ಷತ್ರಕ್ಕೆಂದು ಹುಟ್ಟಿದ ಲೆಕ್ಕ ಮರಳಿಗೆ ಇಳಿದು ಬಂದಿತು.

ಇಷ್ಟೆಲ್ಲ ಹೇಳಿದ ಮೇಲೆ ಮಿತಿಯನ್ನೂ ಹೇಳಬೇಕು. ಕಲ್ಲಿನ ಪಾರಗಮ್ಯತೆ ಕಲ್ಲಿನ ಗುಣ; ಅದರಲ್ಲಿ ನಿಧಾನವಾಗಿ ಹರಿಯುವುದು ನೀರೋ ಎಣ್ಣೆಯೋ ಎಂಬುದರಿಂದ ಅದು ಬದಲಾಗಬಾರದು. ಆದರೆ ಬಿ.ಜಿ.ಕೆ. ಸಾಲನ್ನೂ ಕಣ ಹಿಂದಿರುಗುವ ನಿಯಮವನ್ನೂ ಕೂಡಿಸಿದಾಗ ದ್ರವದ ಸ್ನಿಗ್ಧತೆ ಬದಲಾದಂತೆ ಕಲ್ಲಿನ ಪಾರಗಮ್ಯತೆಯೂ ಬದಲಾದಂತೆ ಲೆಕ್ಕ ಬರುತ್ತಿತ್ತು. ಒಂದೇ ಗತಿಯ ಬದಲು ಹಲವು ಗತಿಗಳಲ್ಲಿ ಸಮತೋಲನದ ಕಡೆಗೆ ಎಳೆಯುವ ಕ್ರಮವನ್ನು ಡುಮಿಯೇರ್ 1992ರಲ್ಲೇ ಸೂಚಿಸಿದ್ದ; ಅದರಿಂದ ಈ ದೋಷ ಬಹುಮಟ್ಟಿಗೆ ನೀಗುತ್ತದೆಂದು ಪ್ಯಾನ್, ಲುಒ, ಮಿಲ್ಲರ್ 2006ರಲ್ಲಿ ತೋರಿಸಿದರು. ಸರಳತೆ ಕೊಟ್ಟ ವರಕ್ಕೆ ಸರಳತೆಯೇ ಒಂದು ಬೆಲೆಯನ್ನೂ ಕೇಳಿತ್ತು.

ಇದಕ್ಕಿಂತ ದೊಡ್ಡ ಮಿತಿಯೊಂದು ನಮ್ಮ ಕಾಲ ಕೆಳಗೇ ಇದೆ. ಫಾಂಟೆನ್‌ಬ್ಲೋ ಕಲ್ಲು ಸಮವಾದ ಮರಳಿನಿಂದಾದುದು. ಅದರ ಒಂದು ಸಣ್ಣ ತುಂಡು ಸುತ್ತಣ ಕಲ್ಲಿನ ಗುಣವನ್ನು ಹೇಳೀತು. ಕರ್ನಾಟಕದ ಬಹುಭಾಗದ ನೆಲದಡಿ ಇರುವುದು ಗ್ರಾನೈಟು, ನೈಸು ಮೊದಲಾದ ಗಟ್ಟಿ ಶಿಲೆ. ಅಲ್ಲಿ ನೀರು ನಿಲ್ಲುವುದು ಕಲ್ಲಿನ ಮೈಯಲ್ಲಲ್ಲ. ಮೇಲಿನ ಶಿಥಿಲ ಪದರದಲ್ಲಿ, ಕೆಳಗಿನ ಬಿರುಕುಗಳಲ್ಲಿ. ಒಂದು ಹೊಲದಲ್ಲಿ ಕೊಳವೆಬಾವಿಗೆ ನೀರು ಸಿಕ್ಕಿ ಪಕ್ಕದ ಹೊಲದಲ್ಲಿ ಧೂಳು ಬರುವುದು ಅದರಿಂದಲೇ. ಯಾವ ಬಿರುಕು ಎಲ್ಲಿ ಹೋಗುತ್ತದೆ ಎಂಬ ನಕ್ಷೆಯಿಲ್ಲದ ಕಡೆ ಎಷ್ಟು ಕೋಟಿ ಕಣಗಳನ್ನು ಓಡಿಸಿದರೂ ಅವು ನಮ್ಮ ಊಹೆಯನ್ನೇ ನಮಗೆ ಹಿಂದಿರುಗಿಸುತ್ತವೆ. ಗಣಕಯಂತ್ರ ಬಲು ಪ್ರಾಮಾಣಿಕ ಸೇವಕ. ಕೇಳಿದ್ದನ್ನು ಮಾತ್ರ ಹೇಳುತ್ತದೆ. ಮಳೆ ನೀರನ್ನು ಇಂಗಿಸದೆ, ಕೆರೆಯ ಹೂಳನ್ನು ತೆಗೆಯದೆ, ಇಂಗಿದ ನೀರಿನ ದಾರಿಯನ್ನಷ್ಟೇ ಸೊಗಸಾಗಿ ಲೆಕ್ಕಹಾಕಿದರೆ ಬಾವಿ ತುಂಬುವುದಿಲ್ಲ.

ಆದರೂ ಈ ಲೆಕ್ಕಕ್ಕೆ ಇಂದು ಕೆಲಸ ಬಹಳವಿದೆ. ನೆಲದಡಿ ಸೇರಿದ ವಿಷವಸ್ತು ಎತ್ತ ಹರಿಯುತ್ತದೆ, ವಾತಾವರಣವನ್ನು ಕೆಡಿಸುವ ಇಂಗಾಲದ ಅನಿಲವನ್ನು ಆಳದ ಶಿಲೆಯಲ್ಲಿ ತುಂಬಿದರೆ ಅದು ಅಲ್ಲಿಯೇ ನಿಲ್ಲುತ್ತದೆಯೆ, ಸೋಸುವ ಪರದೆಯ ರಂಧ್ರ ಹೇಗಿರಬೇಕು ಎಂಬ ಪ್ರಶ್ನೆಗಳಿಗೆಲ್ಲ ಕಲ್ಪಿತ ಕಣಗಳು ಹಗಲಿರುಳು ಓಡುತ್ತಿವೆ. ಇದರ ಹಿಂದೆ ಊರಿಗೆ ತಿಳಿನೀರು ತರಬೇಕೆಂದವನೊಬ್ಬ ಇದ್ದಾನೆ. ಅಣುಗಳಿವೆಯೆಂದು ಕೊನೆಯವರೆಗೆ ವಾದಿಸಿದವನೊಬ್ಬ ಇದ್ದಾನೆ. ಅನಿಲದ ಕಂಪನವನ್ನು ಕುರಿತು ಬರೆದು, ಬೆಂಗಳೂರಿನಲ್ಲಿ ಪಾಠ ಹೇಳಿ, ತಮ್ಮ ಸಾಲು ಎಲ್ಲಿಗೆ ಹೋಗಿ ಸೇರಿತೆಂದು ತಿಳಿಯದೆ ತೀರಿಕೊಂಡ ಮೇಷ್ಟರೊಬ್ಬರು ಇದ್ದಾರೆ. ಈ ಮೂವರಲ್ಲಿ ಯಾರೂ ಇನ್ನೊಬ್ಬರ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲ. ತಮ್ಮ ತಮ್ಮ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಬಿಡಿಸಿದರು; ಆ ಉತ್ತರಗಳು ಒಂದನ್ನೊಂದು ಹುಡುಕಿಕೊಂಡು ಬಂದುವು. ವಿದ್ಯೆಯೂ ಇಂಗಿದ ನೀರಿನಂತೆಯೇ. ಎಲ್ಲಿ ಸುರಿದೆವೆಂದು ಹೇಳಬಹುದು. ಎಲ್ಲಿ ಜಿನುಗುತ್ತದೆಂದು ಸುರಿದವರು ಕಾಣುವುದು ಅಪರೂಪ. ಸುರಿಯುವ ಕೆಲಸವನ್ನು ಅದಕ್ಕಾಗಿ ನಿಲ್ಲಿಸಬೇಕಾಗಿಲ್ಲ.